ತಿಳಿಸಾರಿನ ಮನೆಯ ಕಣ್ಣಿನ ಹನಿ

ವಾರ್ಡಿನಲ್ಲಿ ಎಲ್ಲರೂ ಅವರನ್ನು ಇನ್ಸ್‌ಪೆಕ್ಟ್ರು ಎಂದೇ ಕರೆಯುತ್ತಿದ್ದರು. ಪಕ್ಕದ ಮಂಚದಲ್ಲಿ ಕಣ್ಣು ಕಟ್ಟಿಸಿಕೊಂಡು ಮಲಗಿದ್ದ ಹಲಸೂರಿನ ಪೇದೆಯೊಬ್ಬರು ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಮಲಗಿದಲ್ಲೇ ಕಾಲು ಜೋಡಿಸುತ್ತಿದ್ದರು. ಆಮೇಲೆ ಗೊತ್ತಾಯಿತು, ಇವರು ಪೊಲೀಸಿನವರಲ್ಲ, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗೇಜ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು ಎಂದು. ಯಂತ್ರದ ಬಿಡಿಭಾಗಗಳನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಅಳೆದು, ಸರಿ ಇಲ್ಲದ್ದನ್ನು ಪಕ್ಕಕ್ಕೆ ಎಸೆಯುವುದು ಅವರ ಜೀವಮಾನದ ಕೆಲಸವಾಗಿತ್ತು. "ಇಷ್ಟ್ ದಿನ ಸುಮ್ನೆ ಸಲ್ಯೂಟ್ ಹೊಡೆದ್ನಲ್ಲ ಗುರೂ" ಎಂದು ಪೇದೆ ನೊಂದುಕೊಂಡರು. "ಪರವಾಗಿಲ್ಲ ಬಿಡಪ್ಪ, ಕಾಲಿಗೆ ವ್ಯಾಯಾಮ ಆಯ್ತು" ಎಂದು ಇವರು ಸಮಾಧಾನ ಮಾಡಿದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕಣ್ಣಿನ ಡಾಕ್ಟರಾಗಿ ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಬಹಳ ಕಾಲವಾಗಿರಲಿಲ್ಲ. ಲಿಂಗರಾಜಪುರದ ಚಿಕ್ಕಮ್ಮನ ಮನೆಯಿಂದ ಬಂದು ಹೋಗುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಹಸಿದಾಗಲಂತೂ ಇನ್ನೂ ಜಾಸ್ತಿ. ನಮ್ಮ ದೊಡ್ಡ ಡಾಕ್ಟರು ಆಪರೇಷನ್ ಲಿಸ್ಟ್ ಉದ್ದ ಇದ್ದ ದಿನ "ಮೊದಲು ಈ ಹುಡುಗಿಗೆ ತಿಂಡಿ ಕೊಡಿ, ಆಮೇಲೆ ಕತ್ತರಿ ಕೊಡಿ" ಎನ್ನುತ್ತಿದ್ದರು.

ಇನ್ಸ್‌ಪೆಕ್ಟ್ರಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಹರೆಯದಲ್ಲೇ ಸಾಣೆಚಕ್ರದಿಂದ ಸಿಡಿದ ಉಕ್ಕಿನ ಚೂರು ತಿಂದುಹಾಕಿತ್ತು. ಉಳಿದ ಬಲಗಣ್ಣಿನಿಂದಲೇ ಕೆಲಸ ಮಾಡಿ, ನಿವೃತ್ತರಾಗಿ, ಇಂದಿರಾನಗರದ ಕಡೆ ಆಗಷ್ಟೇ ಏಳುತ್ತಿದ್ದ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡರು. ಆ ಬಲಗಣ್ಣಿಗೇ ಈಗ ಪೊರೆ ಬಂದಿತ್ತು. ಇಂಥ ಕಣ್ಣನ್ನು ಮುಟ್ಟುವಾಗ ದೊಡ್ಡ ಡಾಕ್ಟರೂ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಇದು ಕೆಟ್ಟರೆ ಮನುಷ್ಯ ಕುರುಡ, ಅಷ್ಟೇ.

ಅವರ ಹೆಂಡತಿಯನ್ನು ವಾರ್ಡಿನವರು ಇನ್ಸ್‌ಪೆಕ್ಟ್ರಮ್ಮ ಮಾಡಿಬಿಟ್ಟಿದ್ದರು. ಸಣ್ಣ ಆಳು, ಸುಕ್ಕಿಲ್ಲದ ನೂಲಿನ ಸೀರೆ, ಕೈಯಲ್ಲಿ ಸದಾ ಒಂದು ಒಗೆದ ಬಿಳಿ ಬಟ್ಟೆ. ಮೇಜು ಒರೆಸುವುದು, ಲೋಟ ಒರೆಸುವುದು, ಗಂಡನ ಗಲ್ಲ ಒರೆಸುವುದು. ನಮ್ಮ ಹೆಡ್ ಸಿಸ್ಟರ್ ತಮಿಳಿನವರು, ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು. "ಎನ್ನಮ್ಮಾ, ನನ್ನ ವಾರ್ಡ್ ಅಷ್ಟು ಗಲೀಜಾ?" ಎಂದು ಕೇಳಿದರೆ ಇವರು "ಗಲೀಜಲ್ಲ ಸಿಸ್ಟರಮ್ಮ, ಇರಲಿ ಅಂತ" ಎಂದು ಇನ್ನೊಮ್ಮೆ ಒರೆಸುತ್ತಿದ್ದರು.

ಆಪರೇಷನ್ನಿಗೆ ಮೊದಲು ಆ ಅಮ್ಮ ನನ್ನನ್ನು ಜಗಲಿಗೆ ಕರೆದು ಒಂದು ಮಾತು ಕೇಳಿದರು. "ಡಾಕ್ಟ್ರಮ್ಮ, ಓದೋಕಾಗುತ್ತಾ ಇವರಿಗೆ?" ನಾನು, ದಪ್ಪ ಕನ್ನಡಕ ಹಾಕಿಕೊಂಡರೆ ಆಗುತ್ತೆ, ಯಾಕೆ ಎಂದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಕೆಲಸದಿಂದ ಬಂದ ಗಂಡ ಕಾಫಿ ಕುಡಿದು ವಾರಪತ್ರಿಕೆಯ ಧಾರಾವಾಹಿಯನ್ನು ಓದಿ ಹೇಳುವುದು, ಇವರು ಅಕ್ಕಿ ಆರಿಸುತ್ತ ಕೇಳುವುದು. ಕಣ್ಣು ಮಂಜಾದ ಮೇಲೆ ಅದು ನಿಂತಿತ್ತು. ಪತ್ರಿಕೆ ಮಾತ್ರ ತರಿಸುತ್ತಲೇ ಇದ್ದರು, ಓದದೆ ಟ್ರಂಕಿನಲ್ಲಿ ಪೇರಿಸುತ್ತಿದ್ದರು.

"ಪಕ್ಕದ್ಮನೆ ಹುಡುಗಿ ಕೈಲಿ ಓದಿಸ್ಕೋಬಹುದಲ್ವಾ?" ಎಂದೆ.

"ಓದ್ತಾಳೆ. ಆದ್ರೆ ಆ ಹುಡುಗಿ ಓದಿದ್ರೆ ಕಥೇಲಿರೋರೆಲ್ಲ ಒಂದೇ ಥರ ಮಾತಾಡ್ತಾರೆ. ಇವರು ಓದಿದ್ರೆ ಅತ್ತೆ ಅತ್ತೆ ಥರ, ಸೊಸೆ ಸೊಸೆ ಥರ."

ನನಗೆ ಆ ಟ್ರಂಕು ಮನಸ್ಸಿನಿಂದ ಹೋಗಲೇ ಇಲ್ಲ.

ಆಪರೇಷನ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಆಗಿನ ಪದ್ಧತಿಯಂತೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಅಲ್ಲಾಡದಂತೆ ಮಲಗಿಸಿದೆವು. ಕೆಮ್ಮಬಾರದು, ಸೀನಬಾರದು, ಜಗಿಯಬಾರದು. ಕಟ್ಟು ಬಿಚ್ಚಿದ ಮೇಲೆ ಹನಿಗಳು ಶುರು.

ಈ ಹನಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣನ್ನು ಕೊಯ್ದರೆ ಅದು ಸಿಟ್ಟಾಗುತ್ತದೆ. ಕೆಂಪಾಗಿ, ನೀರು ಸುರಿಸಿ, ಒಳಗೆಲ್ಲ ಉರಿಯೂತ ಎಬ್ಬಿಸುತ್ತದೆ. ಅದನ್ನು ತಣಿಸುವುದಕ್ಕೆ ಕಾರ್ಟಿಸೋನ್ ಜಾತಿಯ ಹನಿ ಹಾಕುತ್ತೇವೆ. ಒಳ್ಳೆಯ ಮದ್ದು, ಆದರೆ ಎರಡು ಬಾಯಿಯ ಕತ್ತಿ. ಉರಿಯೂತವಾಗಿದ್ದರೆ ಕಣ್ಣನ್ನು ಉಳಿಸುತ್ತದೆ. ಅದೇ ಒಳಗೆ ಸೋಂಕು ಸೇರಿಕೊಂಡಿದ್ದರೆ ಕಣ್ಣಿನ ಕಾವಲನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದುಕೊಡುತ್ತದೆ. ಕಡಮೆ ಹಾಕಿದರೂ ಕಷ್ಟ, ತಟ್ಟನೆ ನಿಲ್ಲಿಸಿದರೂ ಕಷ್ಟ, ಚೆನ್ನಾಗಿದೆ ಎಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಒಳಗಿನ ನರವೇ ಸಾಯುತ್ತದೆ. ಅದಕ್ಕೇ ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ನಾವೇ ಕಣ್ಣು ನೋಡಿ ನೋಡಿ ಹೇಳಬೇಕು.

ವಾರ್ಡಿನಲ್ಲಿ ಹೆಡ್ ಸಿಸ್ಟರ್ ತಾವೇ ಹನಿ ಹಾಕುತ್ತಿದ್ದರು. ಸೀಸೆಯನ್ನು ಅಂಗೈಯಲ್ಲಿ ಕುಲುಕುತ್ತ ಮಂಚದಿಂದ ಮಂಚಕ್ಕೆ ಬರುವುದು, ಕೆಳರೆಪ್ಪೆಯನ್ನು ಜೇಬಿನ ಹಾಗೆ ಎಳೆದು ಒಂದು ಹನಿ ಬಿಡುವುದು, ಕೊಳವೆಯ ತುದಿ ರೆಪ್ಪೆಗೆ ತಾಗದ ಹಾಗೆ ಕೈ ಹಿಂದಕ್ಕೆ. ಇನ್ಸ್‌ಪೆಕ್ಟ್ರ ಕಣ್ಣು ದಿನದಿಂದ ದಿನಕ್ಕೆ ಬೆಳ್ಳಗಾಯಿತು. ಮೂರು ಬಗೆಯ ಹನಿ ಕೊಟ್ಟು, ಕಾರ್ಟಿಸೋನ್ ಸೀಸೆಯನ್ನು ಕುಲುಕಿ ಹಾಕಬೇಕೆಂದು ಸಿಸ್ಟರ್ ಕೈಲಿ ಹೇಳಿಸಿ, ಮನೆಗೆ ಕಳಿಸಿದೆವು. ಹೋಗುವಾಗ ಪೇದೆ ಮಲಗಿದಲ್ಲಿಂದಲೇ ಇನ್ನೊಂದು ಸಲ್ಯೂಟ್ ಹೊಡೆದರು, ಈ ಸಲ ಬೇಕೆಂದೇ.

ಮುಂದಿನ ವಾರ ಅವರು ಬಂದಾಗ ಕಣ್ಣು ಅರ್ಧ ಮುಚ್ಚಿತ್ತು. ಕರಿಗುಡ್ಡೆಯ ಸುತ್ತ ಕೆಂಪು ಬಳೆ ಎದ್ದಿತ್ತು, ಬೆಳಕು ಕಂಡರೆ ಆಗುತ್ತಿರಲಿಲ್ಲ. ಯಂತ್ರಕ್ಕೆ ಗಲ್ಲ ಇಡಿಸಿ ಸಣ್ಣ ಬೆಳಕು ಹಾಯಿಸಿ ನೋಡಿದರೆ, ಬಿಸಿಲುಕೋಲಿನಲ್ಲಿ ಧೂಳು ಆಡುವ ಹಾಗೆ ಕಣ್ಣೊಳಗೆ ಕಣಗಳು ತೇಲುತ್ತಿದ್ದವು. ಉರಿಯೂತ ಮರಳಿ ಬಂದಿತ್ತು.

"ಹನಿ ಸರಿಯಾಗಿ ಹಾಕ್ತಿದ್ದೀರಾ?"

ಇನ್ಸ್‌ಪೆಕ್ಟ್ರಮ್ಮನಿಗೆ ಅವಮಾನವಾಯಿತು. "ಕಾರ್ಖಾನೆ ಸೈರನ್ ಕೂಗೋದು ತಡ, ಡಾಕ್ಟ್ರಮ್ಮ, ಕೈ ತೊಳ್ಕೊಂಡು ಹಾಕ್ತೀನಿ. ಮಧ್ಯ ಮಧ್ಯ ರೇಡಿಯೋ ಸುದ್ದಿಗೆ. ಒಂದು ಸಲಾನೂ ತಪ್ಪಿಸಿಲ್ಲ."

"ನಿಜ ತಾಯಿ" ಎಂದರು ಇನ್ಸ್‌ಪೆಕ್ಟ್ರು. "ಕಾರ್ಖಾನೇಲಿ ನನ್ನ ಶಿಫ್ಟ್‌ಗೂ ನಾನು ಇಷ್ಟು ಕರೆಕ್ಟಾಗಿ ಹೋಗಿಲ್ಲ."

ಕಾರ್ಟಿಸೋನ್ ಹನಿಯನ್ನು ಹೆಚ್ಚು ಸಲ ಹಾಕಲು ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ಬಂದಾಗ ಇನ್ನೂ ಕೆಟ್ಟಿತ್ತು. ಪಾಪೆಯ ಅಂಚು ಒಂದು ಕಡೆ ಅಂಟಿಕೊಳ್ಳಲು ಶುರುವಾಗಿತ್ತು. ದೊಡ್ಡ ಡಾಕ್ಟರು ನೋಡಿ, "ಸೇರಿಸ್ಕೊಳ್ಳಿ" ಎಂದರು. ಮತ್ತೆ ಅದೇ ಮಂಚ, ಅದೇ ಸಿಸ್ಟರು, ಅದೇ ಹನಿ. ನಾಲ್ಕು ದಿನಕ್ಕೆ ಕಣ್ಣು ಮಾತು ಕೇಳಿದ ಮಗುವಿನ ಹಾಗೆ ಶಾಂತವಾಯಿತು. ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿದ್ದರಿಂದ ಹೀಗಾಗಿರಬೇಕು ಎಂದುಕೊಂಡು ಮನೆಗೆ ಕಳಿಸಿದೆವು. ಮತ್ತೆ ಕೆಂಪು ಬಳೆ ಎದ್ದು, ಮತ್ತೆ ನೋವು ಶುರುವಾಗಿ, ಮತ್ತೆ ನಮ್ಮ ಜಗಲಿಗೆ ಬಂದರು.

ಈ ಸಲ ಇನ್ಸ್‌ಪೆಕ್ಟ್ರು ತಮಾಷೆ ಮಾಡಲಿಲ್ಲ. ಹೆಂಡತಿ ಚೀಟಿ ಬರೆಸಲು ಹೋದಾಗ ಮೆಲ್ಲಗೆ ಕೇಳಿದರು. "ನಿಜ ಹೇಳಿ ತಾಯಿ. ರಿಜೆಕ್ಟಾ?"

"ಹಾಗೆಲ್ಲ ಮಾತಾಡ್ಬೇಡಿ" ಎಂದು ಗದರಿಸಿದೆ. ಒಳಗೆ ನನಗೂ ಹೆದರಿಕೆಯೇ ಇತ್ತು.

ಶನಿವಾರ ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಯಲ್ಲಿ ಚರ್ಚೆ ನಡೆಯಿತು. ಅವರ ಮುಂದೆ ಎರಡು ದಾರಿ ಇದ್ದವು. ಇದು ಹಟಮಾರಿ ಉರಿಯೂತ ಎಂದಾದರೆ ಕಣ್ಣಿನ ಬಿಳಿಪೊರೆಯ ಅಡಿಗೆ ಕಾರ್ಟಿಸೋನ್ ಇಂಜೆಕ್ಷನ್ ಕೊಡಬೇಕು. ಅದು ವಾರಗಟ್ಟಲೆ ಅಲ್ಲೇ ಉಳಿದು ಕೆಲಸ ಮಾಡುತ್ತದೆ. ಆದರೆ ಇದು ಒಳಗೊಳಗೇ ಬೆಳೆಯುತ್ತಿರುವ ನಿಧಾನದ ಸೋಂಕಾಗಿದ್ದರೆ, ಒಮ್ಮೆ ಒಳಗೆ ಹೋದ ಇಂಜೆಕ್ಷನ್ನನ್ನು ವಾಪಸು ತೆಗೆಯುವ ಹಾಗಿಲ್ಲ, ಒಂದೇ ಕಣ್ಣು ಕೈಬಿಡುತ್ತದೆ. ಸೋಂಕು ಎಂದು ಹೆದರಿ ಕಾರ್ಟಿಸೋನ್ ಪೂರ್ತಿ ನಿಲ್ಲಿಸಿದರೆ, ಉರಿಯೂತವೇ ಪಾಪೆಯನ್ನು ಅಂಟಿಸಿ ಮುಚ್ಚಿಬಿಡುತ್ತದೆ.

"ಸೋಮವಾರ ಇಂಜೆಕ್ಷನ್ ಕೊಡೋಣ" ಎಂದರು ದೊಡ್ಡ ಡಾಕ್ಟರು. "ಹನಿ ಇವರಿಗೆ ನಾಟ್ತಾ ಇಲ್ಲ."

"ವಾರ್ಡಲ್ಲಿ ನಾಟ್ತು ಸರ್. ಎರಡು ಸಲ ನಾಟ್ತು. ಮನೇಲಿ ಮಾತ್ರ ನಾಟಲ್ಲ. ಮನೆಗೆ ಹೋಗಿ ನೋಡ್ಬೇಕು ಸರ್."

"ಏನ್ ಸಿಗುತ್ತೆ ಅಲ್ಲಿ?"

"ಸೌದೆ ಹೊಗೆ ಇರ್ಬಹುದು. ಎಣ್ಣೆಸ್ನಾನ ಮಾಡಿಸಿರ್ಬಹುದು. ನಂದಿಬಟ್ಟಲು ಹೂವಿನ ನೀರು ಹಿಂಡಿರ್ಬಹುದು. ಕೇಳಿದ್ರೆ ಇಲ್ಲ ಅಂತಾರೆ. ಕಣ್ಣಾರೆ ನೋಡೋವರೆಗೂ ಆ ಇಂಜೆಕ್ಷನ್ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ನಾಳೆ ಭಾನುವಾರ. ಹೋಗಿ ನೋಡ್ಕೊಂಡು ಬಾಮ್ಮ" ಎಂದರು. "ತಿಂಡಿ ತಿಂದು ಹೋಗು. ಹಸಿದು ಹೋದ್ರೆ ಪಾಪ ಅವರನ್ನ ತಿಂದುಬಿಡ್ತೀಯ."

ಔಷಧಾಲಯದಿಂದ ಕಾರ್ಟಿಸೋನಿನ ಹೊಸ ಸೀಸೆಯೊಂದನ್ನು ಬ್ಯಾಗಿಗೆ ಹಾಕಿಕೊಂಡೆ. ಹಳೆಯದು ಕೆಟ್ಟಿರಲೂಬಹುದು ಎಂಬ ಅನುಮಾನವೂ ಇತ್ತು.

ಶಿವಾಜಿನಗರದಲ್ಲಿ ಬಸ್ಸು ಹತ್ತಿ, ಹಲಸೂರು ಕೆರೆ ದಾಟಿ ಇಳಿದು ನಡೆದೆ. ಆಗ ಇಂದಿರಾನಗರವೆಂದರೆ ಕೆಮ್ಮಣ್ಣಿನ ರಸ್ತೆ, ಸೈಟಿನ ಗಡಿಕಲ್ಲು, ನಡುನಡುವೆ ಇನ್ನೂ ಬಿಡದ ಸೊಪ್ಪಿನ ಮಡಿ, ಅಲ್ಲೊಂದು ಇಲ್ಲೊಂದು ಮನೆ. ನಲ್ಲಿ ಬಂದಿರಲಿಲ್ಲ. ಹತ್ತು ಮನೆಗೆ ಸೇರಿದ ಒಂದು ಬಾವಿಯಿಂದ ನೀರು ಹೊರುತ್ತಿದ್ದರು, ಅದೂ ಚಹಾದ ಬಣ್ಣದ್ದು.

ಇನ್ಸ್‌ಪೆಕ್ಟ್ರ ಮನೆ ಹೊಕ್ಕರೆ ಅಡುಗೆಮನೆಯ ಗೋಡೆಯುದ್ದಕ್ಕೂ ಸಾಲಾಗಿ ಕೊಡಗಳು. ಮೊದಲನೆಯದರಲ್ಲಿ ಕೆಂಪು ನೀರು. ರಾಡಿ ತಳಕ್ಕೆ ಕೂರಲೆಂದು ಅದರಲ್ಲಿ ಪಟಿಕದ ತುಂಡು ಆಡಿಸಿ ಬಿಟ್ಟಿದ್ದರು. ಎರಡನೆಯದು ಅರ್ಧ ತಿಳಿಯಾಗಿತ್ತು. ಮೂರನೆಯದರ ಬಾಯಿಗೆ ನಾಲ್ಕು ಮಡಿಕೆಯ ಬಿಳಿ ಬಟ್ಟೆ. ಕೊನೆಯ ಕೊಡದ ನೀರು ಗಾಜಿನಂತಿತ್ತು. ತಳದಲ್ಲಿ ಕೂತ ರಾಡಿಯನ್ನು ಅಲುಗಿಸದೆ ಮೇಲಿನ ತಿಳಿಯನ್ನು ಮಾತ್ರ ಬಸಿಯುವುದರಲ್ಲಿ ಆ ಅಮ್ಮನ ಕೈ ಪಳಗಿತ್ತು. ಕೊಟ್ಟ ಕಾಫಿಯಲ್ಲಿ ಚರಟದ ಒಂದು ಕಣವಿರಲಿಲ್ಲ.

"ನಮ್ಮವಳ ತಿಳಿಸಾರು ಕುಡೀಬೇಕು ನೀವು" ಎಂದರು ಇನ್ಸ್‌ಪೆಕ್ಟ್ರು, ಕತ್ತಲೆ ಮಾಡಿದ ಕೋಣೆಯ ಕುರ್ಚಿಯಲ್ಲಿ ಕೂತು. "ಕಾರ್ಖಾನೆ ಕ್ವಾರ್ಟರ್ಸಲ್ಲಿ ಯಾರ ಮನೇಲಿ ಮದುವೆ ಆದ್ರೂ ಸಾರಿಗೆ ಇವಳನ್ನೇ ಕರೀತಿದ್ರು."

ಸೌದೆ ಹೊಗೆ ಇರಲಿಲ್ಲ, ಸೀಮೆಎಣ್ಣೆ ಸ್ಟವ್ ಇತ್ತು. ಎಣ್ಣೆಸ್ನಾನ ಮಾಡಿಸಿರಲಿಲ್ಲ. ನಂದಿಬಟ್ಟಲು ಗಿಡ ಇತ್ತು, ಹೂವೆಲ್ಲ ದೇವರ ಪಟದ ಮೇಲೆ ಕೂತಿತ್ತು. ನನ್ನ ಪತ್ತೇದಾರಿಕೆ ಇಷ್ಟಕ್ಕೇ ಮುಗಿಯಿತೇನೋ ಎಂದುಕೊಳ್ಳುವಷ್ಟರಲ್ಲಿ ರೇಡಿಯೋ ಸುದ್ದಿ ಶುರುವಾಯಿತು. "ಇರಿ ಡಾಕ್ಟ್ರಮ್ಮ, ಹನಿ ಹೊತ್ತಾಯ್ತು" ಎಂದು ಅವರು ಎದ್ದರು.

"ನಾನಿಲ್ಲ ಅಂದ್ಕೊಂಡು ದಿನಾ ಹಾಕೋ ಹಾಗೇ ಹಾಕಿ ಅಮ್ಮ" ಎಂದೆ.

ಅವರು ಸೋಪು ಹಚ್ಚಿ ಕೈ ತೊಳೆದರು. ದೇವರ ಗೂಡಿನ ಪಕ್ಕದ ಗಾಜಿನ ಬೀರುವಿನಿಂದ ಒಂದು ತಟ್ಟೆ ತಂದರು. ಕುದಿಸಿ ಆರಿಸಿದ ಒಂದು ಪುಟ್ಟ ಸೀಸೆ, ಕುದಿಸಿದ ಕೊಳವೆ, ಮಡಿಸಿದ ಮಲ್ ಬಟ್ಟೆ. ಆ ಪುಟ್ಟ ಸೀಸೆಯಲ್ಲಿ ನೀರಿನಂತೆ ತಿಳಿಯಾದ ದ್ರವ. ಕೆಳರೆಪ್ಪೆ ಎಳೆದದ್ದು ಸರಿ, ತುದಿ ತಾಗಿಸದೆ ಹನಿ ಬಿಟ್ಟದ್ದು ಸರಿ. ಹೆಡ್ ಸಿಸ್ಟರ್ ನೋಡಿದ್ದರೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

"ಇದ್ಯಾವ ಹನಿ ಅಮ್ಮ?"

"ಅದೇ, ಉರಿ ಆರಿಸೋದು."

ಆ ಹನಿ ತಿಳಿಯಾಗಿರುವ ಹಾಗೇ ಇಲ್ಲ. ಆ ಔಷಧಿ ನೀರಿನಲ್ಲಿ ಕರಗುವುದಿಲ್ಲ. ಬಿಳಿಯ ನುಣುಪು ಪುಡಿಯಾಗಿ ತೇಲುತ್ತದೆ, ಇಟ್ಟಲ್ಲಿ ಇಟ್ಟರೆ ತಳಕ್ಕೆ ಕೂರುತ್ತದೆ. ಅದಕ್ಕೇ ಕುಲುಕಿ, ಹಾಲಿನಂತೆ ಬೆಳ್ಳಗಾದ ಮೇಲೆ ಹಾಕುವುದು.

"ಆಸ್ಪತ್ರೆ ಸೀಸೆ ಎಲ್ಲಿ?"

ಅವರ ಮುಖ ಅರಳಿತು. ಯಾರಾದರೂ ಕೇಳಲಿ ಎಂದೇ ಕಾದಿದ್ದವರ ಹಾಗೆ ಹೇಳಿದರು. "ಆ ಔಷಧೀಲಿ ತುಂಬ ಗಸಿ ಡಾಕ್ಟ್ರಮ್ಮ. ತಳದಲ್ಲಿ ಸುಣ್ಣದ ಥರ ಕೂತಿರುತ್ತೆ. ಸಿಸ್ಟರಮ್ಮ ಕುಲುಕಿ ಹಾಕಿ ಅಂತ ಹೇಳಿದ್ರು, ಅವರೂ ಹಾಗೇ ಹಾಕ್ತಿದ್ರು. ಪಾಪ, ಅಷ್ಟು ಜನ ರೋಗಿಗಳು, ಬಸಿಯೋಕೆ ಅವರಿಗೆಲ್ಲಿ ಪುರುಸೊತ್ತು? ಮನೇಲಿ ನನಗೇನ್ ಕೆಲಸ? ರಾತ್ರಿ ಸೀಸೆ ಅಲುಗಾಡಿಸ್ದೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಟ್ಟೇಲಿ ಸೋಸಿ ತೆಗೀತೀನಿ. ಇರೋದೊಂದು ಕಣ್ಣು. ಅದಕ್ಕೆ ಗಸಿ ಹೋಗ್ಬಾರ್ದಲ್ವಾ?"

"ಮತ್ತೆ ಆ ಗಸಿ?"

"ಔಷಧಿ ಅಲ್ವಾ, ಬಚ್ಚಲಿಗೆ ಚೆಲ್ಲಬಾರ್ದು ಅಂತ ಕನಕಾಂಬರದ ಗಿಡಕ್ಕೆ ಹಾಕ್ತೀನಿ."

ಅಷ್ಟು ವಾರದ ಔಷಧಿಯನ್ನು ಕನಕಾಂಬರ ಕುಡಿದಿತ್ತು. ಇನ್ಸ್‌ಪೆಕ್ಟ್ರ ಕಣ್ಣಿಗೆ ಬಿದ್ದದ್ದು ಸೋಸಿದ ನೀರು. ನಾವು ಹನಿ ಹೆಚ್ಚಿಸಿದ್ದೆಂದರೆ ನೀರನ್ನು ಹೆಚ್ಚಿಸಿದ್ದು. ಸೋಂಕೂ ಇಲ್ಲ, ಹಟಮಾರಿ ಉರಿಯೂತವೂ ಇಲ್ಲ. ನಾಳೆ ಬೆಳಿಗ್ಗೆ ನಾವು ಆ ಒಂದೇ ಕಣ್ಣಿಗೆ ಸೂಜಿ ಚುಚ್ಚುವವರಿದ್ದೆವು.

ನನ್ನ ಕೋಪ ಮೂಗಿನ ತುದಿಗೆ ಬಂತು. ಹೇಳಿದ ಮಾತನ್ನು ಹೇಳಿದ ಹಾಗೆ ಮಾಡೋಕೇನು ಧಾಡಿ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿಯಲ್ಲಿದ್ದ ಇನ್ಸ್‌ಪೆಕ್ಟ್ರ ಮುಖ ಕಂಡಿತು. ನಾನು ಕೇಳಿದ ಪ್ರಶ್ನೆಯ ದನಿಯಿಂದಲೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ತಪ್ಪು ಎಲ್ಲಿದೆ ಎಂದು ಜೀವಮಾನವೆಲ್ಲ ಹುಡುಕಿದ ಮನುಷ್ಯ.

"ಏನೇ, ಡಾಕ್ಟರಮ್ಮನಿಗೆ ಗಿಡದಿಂದ ಸ್ವಲ್ಪ ಹೂವು ಕಿತ್ಕೊಂಡ್ ಬಾ" ಎಂದರು.

ಅಮ್ಮ ಹಿತ್ತಲಿಗೆ ಹೋದ ಮೇಲೆ ಇನ್ಸ್‌ಪೆಕ್ಟ್ರು ಕೈ ಚಾಚಿ ಗಾಳಿಯಲ್ಲಿ ನನ್ನನ್ನು ಹುಡುಕಿದರು. ನಾನು ಕೈ ಕೊಟ್ಟೆ. "ಔಷಧಿ ಗಸೀಲಿತ್ತಾ ತಾಯಿ?"

"ಹೌದು."

ಅವರು ನಕ್ಕರು, ನೋಯುವ ಕಣ್ಣಿನಿಂದ ನೀರು ಸುರಿಯುವ ಹಾಗೆ ನಕ್ಕರು. "ಹಾಗಾದ್ರೆ ರಿಜೆಕ್ಟ್ ಅಲ್ಲ ನಾನು!" ಎಂದವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. "ಅವಳಿಗೆ ಹೇಳ್ಬೇಡಿ. ದಮ್ಮಯ್ಯ ಅಂತೀನಿ. ನನ್ನ ಕಣ್ಣಿಗೆ ತಾನೇ ಹೀಗೆ ಮಾಡ್ದೆ ಅಂತ ಗೊತ್ತಾದ್ರೆ ಅವಳು ಇನ್ನು ಈ ಮನೇಲಿ ಒಂದು ಲೋಟ ನೀರು ಬಸಿಯೋಕೂ ಹೆದರ್ತಾಳೆ."

ಡಾಕ್ಟರಾದವಳಿಗೆ ಇದು ಸುಲಭದ ಬೇಡಿಕೆಯಲ್ಲ. ಯಾಕೆ ಎಂದು ಹೇಳದಿದ್ದರೆ ಆ ಅಮ್ಮ ನಾಳೆ ಮತ್ತೆ ಬಸಿಯುತ್ತಾರೆ. ಹೇಳಿದರೆ ಗಂಡನ ಕಣ್ಣು ಉಳಿಯುತ್ತದೆ, ಆದರೆ ಹೆಂಡತಿ ಕುಗ್ಗಿಹೋಗುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬ್ಯಾಗಿನಲ್ಲಿದ್ದ ಹೊಸ ಸೀಸೆ ನೆನಪಾಯಿತು.

ಕನಕಾಂಬರ ಹಿಡಿದು ಬಂದ ಅಮ್ಮನನ್ನು ಎದುರಿಗೆ ಕೂರಿಸಿಕೊಂಡೆ. "ಔಷಧಿ ಬದಲಾಯಿಸ್ತಾ ಇದ್ದೀನಿ ಅಮ್ಮ. ಇದರ ಕ್ರಮವೇ ಬೇರೆ. ಇಲ್ಲಿ ನೋಡಿ, ತಳದಲ್ಲಿ ಬಿಳಿ ಇದೆಯಲ್ಲ, ಇದೇ ಔಷಧಿ. ಮೇಲಿರೋದು ಬರೀ ನೀರು. ಮಜ್ಜಿಗೆ ಕಡೆದ ಹಾಗೆ ಕುಲುಕಬೇಕು. ತಲೆಕೆಳಗೆ ಮಾಡಿ ನೋಡ್ಬೇಕು. ತಳದಲ್ಲಿ ಒಂದು ಚೂರೂ ಅಂಟಿಕೊಂಡಿರ್ಬಾರ್ದು. ಹಾಲಿನ ಹಾಗೆ ಬೆಳ್ಳಗಾಗ್ದೆ ಕಣ್ಣಿಗೆ ಬೀಳಬಾರ್ದು. ಬೇರೆ ಸೀಸೆಗೆ ಹಾಕೋ ಹಾಗಿಲ್ಲ, ಸೋಸೋ ಹಾಗಿಲ್ಲ."

ಅವರು ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹಿಂದಿನದೂ ಹೀಗೇ ಇತ್ತಲ್ವಾ ಡಾಕ್ಟ್ರಮ್ಮ?"

"ಅದು ಬೇರೆ, ಇದು ಬೇರೆ" ಎಂದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಸ್ವಲ್ಪ ಗಟ್ಟಿಯಾಗೇ ಹೇಳಿದೆ.

ನನ್ನ ಮುಂದೆಯೇ ಅವರ ಕೈಯಿಂದ ಕುಲುಕಿಸಿ, ಒಂದು ಹನಿ ಹಾಕಿಸಿ, ನಾಳೆ ಬೆಳಿಗ್ಗೆಯವರೆಗೆ ಗಂಟೆಗೊಂದು ಹನಿ ಎಂದು ಹೇಳಿ, ತಲೆಗೆ ಹೂವು ಮುಡಿದುಕೊಂಡು ಹೊರಟೆ. ಹೂವು ಬಹಳ ಚೆನ್ನಾಗಿ ಅರಳಿತ್ತು. ಯಾಕೆ ಅರಳಬಾರದು?

ಸೋಮವಾರ ದೊಡ್ಡ ಡಾಕ್ಟರು ಯಂತ್ರದಲ್ಲಿ ಕಣ್ಣಿಟ್ಟು ನೋಡಿದರು. ತಟ್ಟೆಯಲ್ಲಿ ಸಿರಿಂಜು ಸಿದ್ಧವಾಗಿತ್ತು. "ಸ್ವಲ್ಪ ಕಡಮೆ ಆಗಿದೆ" ಎಂದು ತಿರುಗಿ ನನ್ನನ್ನು ನೋಡಿದರು. ನಾನು ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಎಲ್ಲ ಹೇಳಿದೆ. ಕಾರ್ಟಿಸೋನ್ ಕುಡಿದ ಕನಕಾಂಬರದ ಮಾತಿಗೆ ಅವರು ಎಷ್ಟು ನಕ್ಕರೆಂದರೆ ಹೆಡ್ ಸಿಸ್ಟರ್ ಇಣುಕಿ ನೋಡಿ "ಎನ್ನ ಆಚ್ಚು?" ಎಂದರು. ಆಮೇಲೆ ಗಂಭೀರರಾಗಿ, "ಇಂಜೆಕ್ಷನ್ ಬೇಡ. ಎರಡು ದಿನ ನೋಡೋಣ" ಎಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು, ಸಿಸ್ಟರಿಗೆ ಕಾಣದ ಹಾಗೆ ಒರೆಸಿಕೊಂಡೆ.

ವಾರದೊಳಗೆ ಕೆಂಪು ಬಳೆ ಕರಗಿತು, ಪಾಪೆ ಬಿಟ್ಟುಕೊಂಡಿತು. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಈಗ ನಿಜವಾದ ಔಷಧಿ, ನಿಜವಾದ ಲೆಕ್ಕದಲ್ಲಿ ಒಳಗೆ ಹೋಗುತ್ತಿತ್ತಲ್ಲ. ಅವರನ್ನು ಅಂಗಾತ ಮಲಗಿಸಿ, ಕಣ್ಣಿನ ಮೇಲೆ ಸಣ್ಣ ತೂಕದ ಅಳತೆಗೋಲು ನಿಲ್ಲಿಸಿ ಒತ್ತಡ ನೋಡಿದರೆ ಅದು ಮೆಲ್ಲಗೆ ಏರತೊಡಗಿತ್ತು. ಕೆಲವರ ಕಣ್ಣಿಗೆ ಕಾರ್ಟಿಸೋನ್ ಹಾಗೆ ಮಾಡುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಉರಿಯೂತ ಮತ್ತೆ ಏಳುತ್ತದೆ, ಮುಂದುವರಿಸಿದರೆ ಒತ್ತಡ. ಮೆಟ್ಟಿಲು ಇಳಿಯುವ ಹಾಗೆ ಹನಿಯನ್ನು ಒಂದೊಂದಾಗಿ ಕಡಮೆ ಮಾಡುತ್ತ, ಪ್ರತಿ ಮೆಟ್ಟಿಲಿಗೂ ಕರೆಸಿ ಒತ್ತಡ ನೋಡುತ್ತ ಬಂದೆವು.

ಇನ್ಸ್‌ಪೆಕ್ಟ್ರಮ್ಮನಿಗೆ ಇದು ಸರಿಬರಲಿಲ್ಲ. "ಇಷ್ಟು ಚೆನ್ನಾಗಿ ಆಗ್ತಿದೆಯಲ್ಲ, ಇನ್ನೊಂದು ಸೀಸೆ ಹಾಕೋಣ ಡಾಕ್ಟ್ರಮ್ಮ."

"ಆಗಲ್ಲ ಅಮ್ಮ. ಉಪ್ಪು ಚೆನ್ನಾಗಿದೆ ಅಂತ ಸಾರಿಗೆ ಸುರೀತೀರಾ?"

ಅವರು ಯೋಚಿಸಿ ತಲೆಯಾಡಿಸಿದರು. ಸಾರಿನ ಭಾಷೆಯಲ್ಲಿ ಹೇಳಿದರೆ ಅವರಿಗೆ ಯಾವ ವೈದ್ಯಶಾಸ್ತ್ರವೂ ಕಷ್ಟವಾಗುತ್ತಿರಲಿಲ್ಲ. ಆ ಸಮಯದಲ್ಲೇ ಬಡಾವಣೆಯಲ್ಲಿ ಮದ್ರಾಸ್ ಐ ಹರಡಿತು. ಪಕ್ಕದ ಮನೆಯವರು ಕೆಂಪುಗಣ್ಣಿನೊಂದಿಗೆ ಬಂದು, ಇನ್ಸ್‌ಪೆಕ್ಟ್ರ ಕಣ್ಣನ್ನು ಬೆಳ್ಳಗೆ ಮಾಡಿದ ಆ ಹಾಲಿನಂಥ ಹನಿಯನ್ನು ಒಂದು ತೊಟ್ಟು ಕೊಡಿ ಎಂದರಂತೆ. ಹೆಪ್ಪು, ಸಕ್ಕರೆ, ಕಾಫಿಪುಡಿ ಯಾವುದಕ್ಕೂ ಇಲ್ಲ ಎನ್ನದ ಮನೆ ಅದು. ಆದರೂ ಇವರು ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, "ಇದು ಇವರ ಕಣ್ಣಿಗೆ ಅಂತಲೇ ಅಳೆದು ಕೊಟ್ಟಿರೋದು, ನಿಮ್ಮ ಕಣ್ಣಿಗೆ ನೀವು ಹೋಗಿ ತೋರಿಸ್ಕೊಳ್ಳಿ" ಎಂದು ಕಳಿಸಿದರಂತೆ. ನನಗೆ ಮೆಡಲ್ ಕೊಟ್ಟಷ್ಟು ಖುಷಿಯಾಯಿತು.

ಆಮೇಲೆ ನಾನು ಯಾರಿಗೆ ಈ ಹನಿ ಕೊಟ್ಟರೂ ಕುಲುಕಿ ಹಾಕಿ ಎಂದಷ್ಟೇ ಹೇಳಿ ಬಿಡಲಿಲ್ಲ. ಸೀಸೆಯನ್ನು ಅವರ ಕೈಗೇ ಕೊಟ್ಟು, ತಳದ ಬಿಳಿಯನ್ನು ತೋರಿಸಿ, ಇದು ಕೊಳೆಯಲ್ಲ, ಇದೇ ಔಷಧಿ ಎಂದು ಹೇಳಿ, ನನ್ನೆದುರೇ ಕುಲುಕಿಸುತ್ತಿದ್ದೆ.

ಹನಿ ಪೂರ್ತಿ ನಿಂತು, ಒತ್ತಡ ತನ್ನ ಜಾಗಕ್ಕೆ ಇಳಿದು, ಕಣ್ಣು ಗಟ್ಟಿಯಾದ ಮೇಲೆ ದಪ್ಪ ಕನ್ನಡಕ ಬಂತು. ಮರುವಾರ ಇನ್ಸ್‌ಪೆಕ್ಟ್ರು ಬಂದು ಊಟಕ್ಕೆ ಕರೆದರು. "ಬರಲೇಬೇಕು ತಾಯಿ. ಟ್ರಂಕು ತೆಗೆದಿದ್ದೀವಿ."

ನಾನು ಹೋದಾಗ ಅವರು ಕಿಟಕಿ ಪಕ್ಕ ಕೂತು, ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಕಥೆಯ ಅತ್ತೆ ಅತ್ತೆಯ ಹಾಗೆ ಗದರುತ್ತಿದ್ದಳು, ಸೊಸೆ ಸೊಸೆಯ ಹಾಗೆ ಮೂಗು ಒರೆಸುತ್ತಿದ್ದಳು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಇದ್ದ ಕಲ್ಲನ್ನೆಲ್ಲ ಆಗಲೇ ತೆಗೆದಾಗಿತ್ತು, ಆದರೂ ಕೈ ಆಡುತ್ತಲೇ ಇತ್ತು. ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ.

ಊಟಕ್ಕೆ ಕೂತೆವು. ಆ ಹೆಸರುವಾಸಿ ತಿಳಿಸಾರಿಗಾಗಿ ಹಸಿದೇ ಹೋಗಿದ್ದೆ. ಅಮ್ಮ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ, ಚೆನ್ನಾಗಿ ಕಲಕಿ, ಬೇಳೆ ಗಸಿ ಎಲ್ಲ ಸೇರಿದ ಗಟ್ಟಿ ಸಾರನ್ನು ಅನ್ನದ ಮೇಲೆ ಹಾಕಿದರು.

"ನೋಡಿ ತಾಯಿ, ಇದೊಂದೇ ನನಗೆ ಅರ್ಥ ಆಗ್ದೇ ಇರೋದು" ಎಂದು ಇನ್ಸ್‌ಪೆಕ್ಟ್ರು ದೂರಿದರು. "ಮೂವತ್ತು ವರ್ಷ ತಿಳಿಸಾರು ಮಾಡ್ದೋಳು. ನೀವು ಆವತ್ತು ಭಾನುವಾರ ಬಂದು ಹೋದಾಗಿನಿಂದ ಈ ಮನೇಲಿ ತಿಳಿಸಾರೇ ಇಲ್ಲ. ದಿನಾ ಹೀಗೇ ಕಲಕಿ ಬಡಿಸ್ತಾಳೆ. ಕೇಳಿದ್ರೆ ಮಾತೇ ಆಡಲ್ಲ."

ನಾನು ತಲೆಯೆತ್ತಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಆ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಲ್ಲ, ಆಗಲೇ ಗೊತ್ತಾಗಿತ್ತು. ಗಂಡ ತನ್ನಿಂದ ಮುಚ್ಚಿಟ್ಟಿದ್ದಾರೆ ಎನ್ನುವುದೂ ಗೊತ್ತಾಗಿತ್ತು. ಹೆಂಡತಿಯನ್ನು ನೋಯದಂತೆ ಕಾಪಾಡಿದೆ ಎಂಬ ಸಂತೋಷ ಅವರಿಗಿರಲಿ ಎಂದು ಈ ಹೆಂಗಸು ಇಷ್ಟು ದಿನ ಒಬ್ಬರೇ ಅದನ್ನು ನುಂಗಿಕೊಂಡಿದ್ದರು.

"ಸತ್ವ ಎಲ್ಲ ತಳದಲ್ಲೇ ಇರುತ್ತಂತೆ" ಎಂದರು ಅಮ್ಮ, ನನ್ನ ಮೇಲಿನ ಕಣ್ಣು ತೆಗೆಯದೆ.

"ಯಾರೇ ಹೇಳಿದ್ದು ನಿಂಗೆ?"

"ಯಾರೋ ಹೇಳಿದ್ರು. ನಿಮಗ್ಯಾಕೆ? ಆರಿಹೋಗುತ್ತೆ, ಊಟ ಮಾಡಿ" ಎಂದು ಪಾತ್ರೆಯ ತಳ ಇನ್ನೊಮ್ಮೆ ಕಲಕಿ, ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.